ರಜೆಯ ನೆಂಟರು

ಏಪ್ರಿಲ್ 10ರಂದು ಶಾಲೆಗಳಲ್ಲಿ ಫಲಿತಾಂಶ ಓದಿ ಮುಗಿಸಿದರೆ ಮಕ್ಕಳ ಪರೀಕ್ಷೆ ಮುಗಿಯಿತು, ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವ ಹೆಂಗಸರ ಪರೀಕ್ಷೆ ಶುರುವಾಯಿತು ಎಂದು ಅರ್ಥ. ಊರಿನಿಂದ ಅಣ್ಣನ ಮಕ್ಕಳೋ, ನಾದಿನಿಯ ಮಕ್ಕಳೋ, ನನ್ನ ವಯಸ್ಸಿನವರಿಗಾದರೆ ಮೊಮ್ಮಕ್ಕಳೋ ಒಂದು ವಾರದ ಮಟ್ಟಿಗೆ ಬಂದಿಳಿಯುತ್ತಾರೆ. ಅಟ್ಟದ ಮೇಲಿನ ಚಾಪೆಗಳು ಕೆಳಗಿಳಿಯುತ್ತವೆ. ದೋಸೆ ಹಿಟ್ಟಿಗೆ ದೊಡ್ಡ ಪಾತ್ರೆಯೇ ಬೇಕಾಗುತ್ತದೆ. ಮೃಗಾಲಯಕ್ಕೆ ಮಂಗಳವಾರ ರಜೆ, ಅರಮನೆಗೆ ದೀಪ ಹಾಕುವುದು ಭಾನುವಾರ ಎಂಬುದನ್ನೆಲ್ಲ ನೆನಪಿಟ್ಟುಕೊಂಡು ದಿನಗಳನ್ನು ಜೋಡಿಸಬೇಕಾಗುತ್ತದೆ. ಗದ್ದಲವೂ ಹೌದು, ಸಂತೋಷವೂ ಹೌದು. ಇದು ನಿಮಗೆಲ್ಲ ಗೊತ್ತಿರುವ ವಿಷಯವೇ. ನಾನು ಇಲ್ಲಿ ಹೇಳಹೊರಟಿರುವುದು ಈ ಗದ್ದಲದ ಅಡಿಯಲ್ಲಿ ಸದ್ದಿಲ್ಲದೆ ಕುಳಿತಿರುವ ಒಂದು ಪ್ರಶ್ನೆಯನ್ನು. ಅದನ್ನು ಕೇಳಿದವಳು ನನ್ನ ತಂಗಿ.

ನಾನು ತಲಕಾಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಇಲ್ಲಿಯೇ ಟೀಚರಾಗಿ ನೆಲೆ ನಿಂತವಳು. ತಂಗಿ ತಲಕಾಡಿನಲ್ಲೇ ಉಳಿದಳು. 2024ರ ಬೇಸಿಗೆಯಲ್ಲಿ ಲೋಕಸಭಾ ಚುನಾವಣೆಯ ಕೆಲಸ ನಮ್ಮ ಹೆಗಲಿಗೆ ಬಿದ್ದಿತ್ತು. ಏಪ್ರಿಲ್ 26ರ ಮತದಾನ ಮುಗಿದು ಉಸಿರು ಬಿಟ್ಟ ಮೇಲೆ, ‘ಮೊಮ್ಮಕ್ಕಳನ್ನ ಒಂದು ವಾರ ಕಳಿಸು’ ಎಂದು ತಂಗಿಗೆ ಫೋನ್ ಮಾಡಿದೆ. ಅವಳ ಮಗನಿಗೆ ಮೂವರು ಮಕ್ಕಳು. ದೊಡ್ಡವಳು ಏಳನೆಯ ತರಗತಿ ಮುಗಿಸಿದ್ದಳು, ನಡುವಿನವನು ಐದು, ಚಿಕ್ಕವಳು ಎರಡು. ತಂಗಿ ಕೂಡಲೇ ಹೂಂ ಎನ್ನಲಿಲ್ಲ. ‘ಕಳಿಸ್ತೀನಿ ಕಣಕ್ಕ. ಆದ್ರೆ ಜಾಸ್ತಿ ಏನೂ ತೋರಿಸ್ಬೇಡ. ನೀನು ತೋರಿಸಿ ಕಳಿಸ್ಬಿಡ್ತೀಯ. ಆಮೇಲೆ ಅವರ ಜೊತೆ ಇರಬೇಕಾದವಳು ನಾನು’ ಎಂದಳು.

ಮೊದಲು ನನಗೆ ಸ್ವಲ್ಪ ನೋವಾಯಿತು. ಆಮೇಲೆ ಯೋಚನೆಗೆ ಹಚ್ಚಿತು. ಮಕ್ಕಳನ್ನು ಕರೆಸಿ ಸುಖವಾಗಿ ಒಂದು ವಾರ ಇಟ್ಟುಕೊಂಡು ಕಳಿಸುವುದು ಒಳ್ಳೆಯ ಕೆಲಸ ಎನ್ನುವುದರಲ್ಲಿ ನಮಗೆ ಯಾರಿಗೂ ಸಂಶಯವಿರುವುದಿಲ್ಲ. ಆದರೆ ಆ ಮಗು ಹಿಂದಿರುಗಿ ಹೋಗುವ ಮನೆಯಲ್ಲಿ ತೀರಿಸಲಾಗದ ಆಸೆಯನ್ನು ಅದರ ಮನಸ್ಸಿನಲ್ಲಿ ಹುಟ್ಟಿಸುವುದು ಸರಿಯೇ? ಹುಟ್ಟಿಸಿದ ಮೇಲೆ ಆ ಆಸೆಗೆ ಜವಾಬ್ದಾರರು ಯಾರು?

ಇದಕ್ಕೆ ನಮ್ಮ ಹಿರಿಯರು ಕೊಟ್ಟುಹೋದ ಸಿದ್ಧ ಉತ್ತರವೊಂದಿದೆ: ಹಾಸಿಗೆ ಇದ್ದಷ್ಟು ಕಾಲು ಚಾಚು. ಇಲ್ಲದ್ದನ್ನು ಕಾಣದೇ ಇದ್ದರೆ ಬೇಕು ಎನಿಸುವುದಿಲ್ಲ, ಬೇಕು ಎನಿಸದಿದ್ದರೆ ದುಃಖವಿಲ್ಲ. ಶುದ್ಧೋದನ ಮಹಾರಾಜ ಮಾಡಿದ್ದೂ ಇದನ್ನೇ ಅಲ್ಲವೇ? ಮಗ ಕಾಣಬಾರದ್ದನ್ನು ಕಾಣದಿರಲಿ ಎಂದು ಅರಮನೆಯ ಸುತ್ತ ಗೋಡೆ ಕಟ್ಟಿದ. ಅಲ್ಲಿ ಮರೆಮಾಡಿದ್ದು ದುಃಖವನ್ನು, ಇಲ್ಲಿ ನಾವು ಮರೆಮಾಡಲು ಹೊರಡುವುದು ಸುಖವನ್ನು, ಅಷ್ಟೇ ವ್ಯತ್ಯಾಸ. ರಾಜನ ಕೈಯಲ್ಲೇ ಆಗಲಿಲ್ಲ. ಸಿದ್ಧಾರ್ಥ ರಥ ಹತ್ತಿ ಊರೊಳಗೆ ಬಂದು ಎಲ್ಲವನ್ನೂ ಕಂಡೇ ಕಂಡ.

ಇನ್ನು ತಲಕಾಡಿನಂಥ ಊರಿನಲ್ಲಿ ಮರೆಮಾಡುವುದಾದರೂ ಏನನ್ನು? ಶನಿವಾರ ಭಾನುವಾರ ಬಂತೆಂದರೆ ಬೆಂಗಳೂರು, ಮೈಸೂರಿನ ಕಾರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಗಂಗರ ರಾಜಧಾನಿಯಾಗಿದ್ದ ಊರು, ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಗೆದ್ದ ಗುರುತಿಗೆ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ಊರು. ಆದರೆ ಅವರಲ್ಲಿ ಹೆಚ್ಚಿನವರು ಬರುವುದು ಹೊಳೆಯಲ್ಲಿ ಮುಳುಗೇಳಲು, ಹರಿಗೋಲಿನಲ್ಲಿ ತಿರುಗಲು. ನಮ್ಮ ಮಕ್ಕಳು ಮರಳ ದಿಣ್ಣೆಯ ಮೇಲೆ ಕುಳಿತು ಅವರ ಬೂಟು, ಕನ್ನಡಕ, ಮೊಬೈಲು, ಅವರು ತಿಂದು ಬಿಸಾಡುವ ಪೊಟ್ಟಣ ಎಲ್ಲವನ್ನೂ ನೋಡುತ್ತಾರೆ. ಪಂಚಲಿಂಗ ದರ್ಶನದ ವರ್ಷಗಳಲ್ಲಂತೂ, 2013ರಲ್ಲಿ ಆಗಲಿ, ಕೊರೋನಾದ ನಡುವೆಯೇ ನಡೆದ 2020ರಲ್ಲಿ ಆಗಲಿ, ಹೊರಗಿನ ಲೋಕವೇ ಬಾಗಿಲಿಗೆ ಬಂದಿತ್ತು. ಇದರ ಮೇಲೆ ತಂಗಿಯ ಮಗನ ಕೈಯಲ್ಲೂ ಒಂದು ಮೊಬೈಲಿದೆ. ಅದರಲ್ಲಿ ಕಾಣದ್ದು ಏನಿದೆ? ಹಾಗಾಗಿ ತೋರಿಸದಿರುವುದು ಎಂಬ ದಾರಿ ನಮ್ಮ ಕೈಯಲ್ಲಿ ಉಳಿದೇ ಇಲ್ಲ. ನಾನು ತೋರಿಸದಿದ್ದರೆ ಯಾರೋ ತೋರಿಸುತ್ತಾರೆ, ಅಷ್ಟೇ. ಆ ಯಾರೋ ಎಂಬುವವರಿಗೆ ಮಗುವಿನ ಹೆಸರೂ ಗೊತ್ತಿರುವುದಿಲ್ಲ.

ಹಾಗಿದ್ದರೆ ಎರಡನೆಯ ದಾರಿ: ತೋರಿಸೋಣ, ಆದರೆ ಆರಿಸಿ ತೋರಿಸೋಣ. ಟೀಚರ ಮನಸ್ಸಿಗೆ ಬಹಳ ಒಪ್ಪುವ ದಾರಿ ಇದು. ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ನೀವು ಕೇಳಿರುತ್ತೀರಿ. ನನಗೆ ಆ ಕಥೆಯಲ್ಲಿ ಇಷ್ಟವಾಗುವುದು ಒಂದು ಸಣ್ಣ ಸಂಗತಿ. ನಚಿಕೇತ ಒಬ್ಬ ಹುಡುಗ, ನೆಂಟನಾಗಿ ಬಂದವನು. ಯಮ ಮನೆಯಲ್ಲಿರಲಿಲ್ಲ, ಹುಡುಗ ಮೂರು ರಾತ್ರಿ ಅನ್ನವಿಲ್ಲದೆ ಕಾದ. ಅತಿಥಿಯನ್ನು ಉಪವಾಸ ಕೆಡವಿದ ತಪ್ಪಿಗೆ ಯಮ ಮೂರು ವರ ಕೊಡಬೇಕಾಯಿತು. ಮೂರನೆಯ ವರವಾಗಿ ಹುಡುಗ ಸಾವಿನ ಆಚೆ ಏನಿದೆ ಎಂದು ಕೇಳಿದಾಗ ಯಮ ತಪ್ಪಿಸಿಕೊಳ್ಳಲು ನೋಡಿದ. ಆನೆ, ಕುದುರೆ, ಚಿನ್ನ, ರಥ, ಹಾಡು, ಕುಣಿತ, ನೂರು ವರ್ಷದ ಬಾಳು, ಏನು ಬೇಕೋ ತಗೋ, ಅದೊಂದು ಕೇಳಬೇಡ ಎಂದ. ಹುಡುಗ ಒಪ್ಪಲಿಲ್ಲ. ಆಗ ಯಮ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಪಾಠ ಆರಂಭಿಸಿದ. ಪ್ರಿಯವಾದದ್ದೆಲ್ಲ ಹಿತವಾದದ್ದಲ್ಲ ಎಂಬುದು ಅದರ ತಿರುಳು.

ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಮಗುವಿನ ಪ್ರಶ್ನೆಗೆ ಉತ್ತರ ಕೊಡಲು ಪುರುಸೊತ್ತಿಲ್ಲದಾಗ ಐಸ್‌ಕ್ರೀಮ್ ಕೊಡಿಸುತ್ತೇವೆ. ಆ ವಾರ ನಾನೂ ಮನಸ್ಸಿನಲ್ಲೇ ಎರಡು ಪಟ್ಟಿ ಮಾಡಿಕೊಂಡಿದ್ದೆ. ದುಡ್ಡು ಕೊಟ್ಟಷ್ಟು ಹೊತ್ತು ಮಾತ್ರ ಇರುವ ಸುಖಗಳು ಒಂದು ಕಡೆ. ಕಂಡ ಮೇಲೆ ಮಗುವಿನ ಜೊತೆಗೇ ಊರಿಗೆ ಹೋಗುವಂಥವು ಇನ್ನೊಂದು ಕಡೆ. ಮೊದಲನೆಯದನ್ನು ಪೂರ್ತಿ ಬಿಡಲಿಲ್ಲ, ಮಕ್ಕಳಲ್ಲವೇ? ಮಾಲ್‌ಗೆ ಹೋದೆವು. ಚಲಿಸುವ ಮೆಟ್ಟಿಲಿನ ಮುಂದೆ ಚಿಕ್ಕವಳು ನನ್ನ ಸೆರಗು ಹಿಡಿದು ನಿಂತವಳು, ಒಂದು ಸಲ ಹತ್ತಿದ ಮೇಲೆ ಆರು ಸಲ ಹತ್ತಿ ಇಳಿದಳು. ಮೃಗಾಲಯದಲ್ಲಿ ನಡುವಿನವನು ಜಿರಾಫೆಯ ಮುಂದಿನಿಂದ ಕದಲಲಿಲ್ಲ. 1892ರಲ್ಲಿ ಆರಂಭವಾದ ಮೃಗಾಲಯ ಇದು ಎಂದು ನಾನು ಟೀಚರ ಬುದ್ಧಿ ತೋರಿಸಿದರೆ, ‘ಹಂಗಾದ್ರೆ ಮೊದಲನೇ ಜಿರಾಫೆ ಸತ್ತೋಗಿರುತ್ತೆ, ಅಲ್ವಾ ದೊಡ್ಡಜ್ಜಿ?’ ಎಂದ. ಚಾಮುಂಡಿ ಬೆಟ್ಟವನ್ನು ಬೆಳಗಿನ ತಂಪಿನಲ್ಲಿ ಮೆಟ್ಟಿಲು ಹತ್ತಿಯೇ ಹೋದೆವು. ಸಾವಿರ ಮೆಟ್ಟಿಲಲ್ಲಿ ನನ್ನ ಮಂಡಿ ನಂದಿಯ ಹತ್ತಿರವೇ ಕೈಮುಗಿಯಿತು.

ಬೃಂದಾವನಕ್ಕೆ ಹೋದ ಸಂಜೆ ನಡುವಿನವನು ಇನ್ನೊಂದು ಪ್ರಶ್ನೆ ಕೇಳಿದ. 2023ರಲ್ಲಿ ಮಳೆ ಕೈಕೊಟ್ಟಿತ್ತು. ತಲಕಾಡಿನಲ್ಲಿ ಹೊಳೆ ಸೊರಗಿ, ಬಂಡೆಗಳು ಎದ್ದು ಕಾಣುತ್ತಿದ್ದ ಬೇಸಿಗೆ. ಇಲ್ಲಿ ಕಾರಂಜಿ ಹಾಡಿಗೆ ಕುಣಿಯುತ್ತಿತ್ತು. ‘ಇದು ನಮ್ಮೂರ ಹೊಳೆ ನೀರೇ ಅಲ್ವಾ? ಅಲ್ಲಿ ಇಲ್ಲ, ಇಲ್ಲಿ ಯಾಕೆ ಕುಣೀತಿದೆ?’ ಎಂದ. ಸುತ್ತ ಇದ್ದ ದೊಡ್ಡವರು ನಕ್ಕರು. ನನಗೆ ನಗು ಬರಲಿಲ್ಲ. 1911ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಕಟ್ಟೆ ಇದು, ತುಂಬಿದರೆ 124.80 ಅಡಿ, ಮಂಡ್ಯದ ಗದ್ದೆಗಳಿಗೆ ಇದೇ ನೀರು, ಬೆಂಗಳೂರಿನ ನಲ್ಲಿಗೂ ಕಾವೇರಿಯೇ, ತಮಿಳುನಾಡಿಗೂ ಪಾಲು ಕೊಡಬೇಕು ಎಂದು ಕುಳಿತು ವಿವರಿಸಿದೆ. ಕಾರಂಜಿಯ ನೀರು ಎಷ್ಟರದು, ಆಡಂಬರ ಅಷ್ಟೇ ದೊಡ್ಡದು ಎಂದೂ ಹೇಳಿದೆ. ಅವನು ಕೇಳಿಸಿಕೊಂಡ. ಒಪ್ಪಿದನೋ ಇಲ್ಲವೋ ತಿಳಿಯದು. ತನ್ನ ತಂದೆ ದಾನ ಕೊಡುತ್ತಿದ್ದ ಮುದಿ ಹಸುಗಳನ್ನು ಕಂಡು ಪ್ರಶ್ನೆ ಎತ್ತಿದವನಲ್ಲವೇ ಆ ನಚಿಕೇತ? ಹಬ್ಬದ ನಡುವೆ ಇಂಥ ಪ್ರಶ್ನೆ ಕೇಳುವುದು ಮಕ್ಕಳಿಂದ ಮಾತ್ರ ಸಾಧ್ಯ. ನನ್ನ ಎರಡನೆಯ ಪಟ್ಟಿ ಸರಿಯಾಗಿದೆ ಎಂದು ನನಗೆ ಆ ಸಂಜೆ ಸಮಾಧಾನವಾಯಿತು.

ಕಂಡದ್ದಕ್ಕೆಲ್ಲ ಆಸೆಪಡುವುದರ ಕೇಡು ತಲಕಾಡಿನವರಿಗೆ ಹೊಸದಾಗಿ ಕಲಿಸಬೇಕಾದ್ದಲ್ಲ. ನಮ್ಮೂರಿನ ಕಥೆಯೇ ಅದು. ಅಲಮೇಲಮ್ಮನ ಒಡವೆಗಳು ದೇವಿಯ ಮೈಮೇಲೆ ಚೆನ್ನಾಗಿ ಕಂಡವು, ಅವು ಬೇಕೇ ಬೇಕು ಎಂದು ದೊರೆಯ ಕಡೆಯವರು ಬೆನ್ನು ಹತ್ತಿದರು, ಆಕೆ ಮಾಲಂಗಿಯ ಮಡುವಿಗೆ ಹಾರುವ ಮುನ್ನ ಊರಿಗೂ ಅರಸರಿಗೂ ಶಾಪ ಕೊಟ್ಟಳು ಎನ್ನುತ್ತದೆ ಕಥೆ. ಮಾಧವಮಂತ್ರಿ ಕಟ್ಟೆಯಿಂದ ನದಿಯ ಪಾತ್ರ ಒಣಗಿ, ಬೇಸಿಗೆಯ ಗಾಳಿ ಮರಳನ್ನು ಎತ್ತಿ ತಂದು ಗುಡಿಗಳ ಮೇಲೆ ಸುರಿಯಿತು ಎಂದು ವಿವರಿಸುವವರಿದ್ದಾರೆ. ತರಗತಿಯಲ್ಲಿ ನಾನು ಎರಡನ್ನೂ ಹೇಳುತ್ತೇನೆ. ಮಕ್ಕಳಿಗೆ ನೆನಪಿರುವುದು ಅಲಮೇಲಮ್ಮ.

ಆದರೆ ಓದುಗ ಗೆಳತಿಯರೇ, ಆರಿಸಿ ತೋರಿಸುವ ಈ ದಾರಿಯಲ್ಲಿ ಒಂದು ದೊಡ್ಡ ತೊಡಕಿದೆ. ಅದು ನನಗೆ ಗೊತ್ತಿರುವುದು ಪುಸ್ತಕದಿಂದ ಅಲ್ಲ, ತಂಗಿಯಿಂದ.

1980ರ ಬೇಸಿಗೆಯಲ್ಲಿ ನಾನೂ ತಂಗಿಯೂ ಹೀಗೆಯೇ ನೆಂಟರಾಗಿ ಮೈಸೂರಿಗೆ ಬಂದಿದ್ದೆವು. ನನಗೆ ಹನ್ನೆರಡು, ಅವಳಿಗೆ ಒಂಬತ್ತು. ಚಾಮುಂಡಿಪುರದಲ್ಲಿ ದೊಡ್ಡಮ್ಮನ ಮನೆ. ದೊಡ್ಡಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಒಂದೇ ಕೋಣೆ, ಒಂದು ನಡುಮನೆ, ಹಿತ್ತಿಲಲ್ಲಿ ಒಂದು ನಲ್ಲಿ. ದೊಡ್ಡಮ್ಮನ ಹತ್ತಿರ ದುಡ್ಡಿರಲಿಲ್ಲ. ನಡೆದುಕೊಂಡೇ ಊರೆಲ್ಲ ತಿರುಗಿಸಿದಳು. ಒಂದು ಮಧ್ಯಾಹ್ನ ಮಹಾರಾಣಿ ಕಾಲೇಜಿನ ಮುಂದೆ ಹಾದು ಹೋಗುವಾಗ ಗೇಟಿನಿಂದ ಹುಡುಗಿಯರು ಗುಂಪುಗುಂಪಾಗಿ ಹೊರಬರುತ್ತಿದ್ದರು. ಪರೀಕ್ಷೆ ಮುಗಿಸಿ ಬಂದವರಿರಬೇಕು. ಕೈಯಲ್ಲಿ ಪ್ರಶ್ನೆಪತ್ರಿಕೆ, ಜೋರು ಮಾತು, ಜೋರು ನಗು. ಯಾರ ಹಿಂದೆಯೂ ಅಣ್ಣ ಇಲ್ಲ, ಅಪ್ಪ ಇಲ್ಲ. ನಾವಿಬ್ಬರೂ ನಿಂತುಬಿಟ್ಟೆವು. ದೊಡ್ಡಮ್ಮ ಅವಸರ ಮಾಡಲಿಲ್ಲ, ಅವಳೂ ನಿಂತಳು.

ಮೃಗಾಲಯದ ಹುಲಿಯನ್ನು ತಂಗಿ ಒಂದು ತಿಂಗಳಲ್ಲಿ ಮರೆತಳು. ಕೊಡಿಸಿದ್ದ ಗಾಜಿನ ಬಳೆ ಒಡೆದುಹೋಯಿತು. ಆ ಗೇಟು ಮಾತ್ರ ಅವಳ ಮನಸ್ಸಿನಿಂದ ಹೋಗಲಿಲ್ಲ. ನನ್ನ ಮನಸ್ಸಿನಿಂದಲೂ ಹೋಗಲಿಲ್ಲ. ನಾನು ಎಸ್.ಎಸ್.ಎಲ್.ಸಿ. ಪಾಸಾದಾಗ ದೊಡ್ಡಮ್ಮ ಬಂದು ಅಪ್ಪನ ಹತ್ತಿರ ಕೂತು, ‘ಇವಳನ್ನ ನನ್ನ ಮನೆಗೆ ಕಳಿಸು, ಓದಲಿ’ ಎಂದಳು. ನಡುಮನೆಯಲ್ಲಿ ನನ್ನ ಹಾಸಿಗೆ ಬಿತ್ತು. ಮೂರು ವರ್ಷದ ಮೇಲೆ ತಂಗಿಯೂ ಪಾಸಾದಳು. ನನಗಿಂತ ಹೆಚ್ಚು ಅಂಕ. ಆದರೆ ಆ ನಡುಮನೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗವಿರಲಿಲ್ಲ. ಮಳೆ ಸರಿಯಾಗಿ ಆಗದ ವರ್ಷಗಳವು, ಅಪ್ಪನ ಮೇಲೆ ಸಾಲವಿತ್ತು. ಒಳ್ಳೆಯ ಸಂಬಂಧ ಊರಲ್ಲೇ ಬಂತು. 1988ರಲ್ಲಿ ಅವಳ ಮದುವೆಯಾಯಿತು. ನಾನು ಆ ಗೇಟಿನೊಳಗೆ ಹೋಗಿ ಬಿ.ಎ. ಮುಗಿಸಿದೆ, ಆಮೇಲೆ ಬಿ.ಇಡಿ. ಮಾಡಿದೆ.

ಅವಳು ಬಾಳಿದ್ದು ದುಃಖದ ಬಾಳೇನಲ್ಲ. ಗಂಡ ಒಳ್ಳೆಯವನು, ಭತ್ತದ ಗದ್ದೆ ಇದೆ, ಮಗ ಸೊಸೆ ಜೊತೆಗಿದ್ದಾರೆ. ಆದರೂ ಬಹಳ ವರ್ಷಗಳ ಹಿಂದೆ ಒಂದು ಸಲ, ಇಬ್ಬರೂ ಅವಳ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಾಗ, ಯಾವ ಮಾತಿಗೂ ಸಂಬಂಧವಿಲ್ಲದೆ ಹೇಳಿದ್ದಳು: ‘ನೀನು ಕಂಡದ್ದನ್ನೇ ನಾನೂ ಕಂಡೆ ಕಣಕ್ಕ. ಕಾಣದೇ ಇದ್ದಿದ್ರೆ ಚೆನ್ನಾಗಿತ್ತು.’ ಹೇಳಿ, ಮತ್ತೆ ಹುಣಸೆಹಣ್ಣಿಗೆ ಕೈಹಾಕಿದಳು. ನಾನು ಏನು ಹೇಳಲಿ?

ಈಗ ನೋಡಿ, ಶ್ರೇಯಸ್ಸು ಪ್ರೇಯಸ್ಸುಗಳ ನನ್ನ ಪಟ್ಟಿ ಏನಾಯಿತು? ಆಟಿಕೆಯ ಆಸೆ, ತಿಂಡಿಯ ಆಸೆ ಒಂದು ವಾರದಲ್ಲಿ ಆರಿಹೋಗುತ್ತದೆ. ಅದರಿಂದ ಊರಿನ ತಾಯಂದಿರಿಗೆ ನಾಲ್ಕು ದಿನ ತಲೆನೋವು, ಅಷ್ಟೇ. ಒಂದು ಜೀವಮಾನ ಸುಡುವುದು ಒಳ್ಳೆಯ ಆಸೆಯೇ. ಅದು ಒಬ್ಬಳಿಗೆ ಬಾಳು ಕೊಟ್ಟಿತು, ಇನ್ನೊಬ್ಬಳಿಗೆ ಗಾಯ ಮಾಡಿತು. ಇಬ್ಬರೂ ನಿಂತದ್ದು ಒಂದೇ ಗೇಟಿನ ಮುಂದೆ, ಕೈ ಹಿಡಿದು ನಿಲ್ಲಿಸಿದವಳು ಒಬ್ಬಳೇ ದೊಡ್ಡಮ್ಮ. ‘ಒಳ್ಳೆಯದನ್ನು ತೋರಿಸಿದರೆ ಸಾಕು’ ಎಂದು ಈಗ ನಾನು ಹೇಗೆ ಹೇಳಲಿ?

ಆ ವಾರ ಇದೇ ಪ್ರಶ್ನೆ ಮತ್ತೆ ನನ್ನೆದುರು ಬಂದು ನಿಂತಿತು. ಮೈಸೂರಿನ ರಂಗಾಯಣದಲ್ಲಿ ಪ್ರತಿ ಬೇಸಿಗೆ ಚಿಣ್ಣರ ಮೇಳ ನಡೆಯುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ ಅದು. ಮಕ್ಕಳು ಮರದ ಕೆಳಗೆ ಕುಣಿಯುತ್ತ, ಹಾಡುತ್ತ, ಮುಖವಾಡ ಮಾಡುತ್ತ ಇರುವುದನ್ನು ನಮ್ಮ ಮಕ್ಕಳು ನಿಂತು ನೋಡಿದರು. ದೊಡ್ಡವಳು ಮಾತೇ ಆಡಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ‘ಅದಕ್ಕೆ ಸೇರಬೇಕು ಅಂದ್ರೆ ಮೈಸೂರಲ್ಲೇ ಮನೆ ಇರಬೇಕಾ, ದೊಡ್ಡಜ್ಜಿ?’ ಎಂದು ಕೇಳಿದಳು. ಆ ದನಿ ನನಗೆ ಪರಿಚಯದ್ದು. ನಲವತ್ತನಾಲ್ಕು ವರ್ಷದ ಹಿಂದೆ ಅದು ನನ್ನ ತಂಗಿಯ ದನಿಯಾಗಿತ್ತು.

ದೊಡ್ಡಮ್ಮ ಮಾಡಿದ್ದನ್ನು ನಾನು ಮತ್ತೆ ಮತ್ತೆ ತೂಗಿ ನೋಡಿದ್ದೇನೆ. ಅವಳು ತೋರಿಸಿದ್ದು ಸರಿಯೇ? ಈಗ ನನಗೆ ಅನ್ನಿಸುವುದು ಹೀಗೆ. ಸರಿತಪ್ಪಿನ ಪ್ರಶ್ನೆ ಇರುವುದು ತೋರಿಸಿದ ಆ ಮಧ್ಯಾಹ್ನದಲ್ಲಲ್ಲ, ಅದರ ನಂತರದ ವರ್ಷಗಳಲ್ಲಿ. ದೊಡ್ಡಮ್ಮ ಗೇಟಿನ ಮುಂದೆ ನಿಲ್ಲಿಸಿದಳು. ಸಮಯ ಬಂದಾಗ ಊರಿಗೆ ಬಂದು, ‘ಕಳಿಸು’ ಎಂದೂ ಕೇಳಿದಳು. ತಾನು ಹುಟ್ಟಿಸಿದ ಆಸೆ ತನ್ನ ಸಾಲ ಎಂದು ಅವಳು ತಿಳಿದಿದ್ದಳು. ಒಂದು ನಡುಮನೆಯಷ್ಟು ಸಾಲವನ್ನು ತೀರಿಸಿದಳು. ಎರಡನೆಯದನ್ನು ತೀರಿಸಲು ಅವಳ ಕೈಲಾಗಲಿಲ್ಲ. ಸಾಯುವವರೆಗೂ ಅದನ್ನು ಹೇಳಿಕೊಂಡು ಕೊರಗುತ್ತಿದ್ದಳು. ಆ ಕೊರಗೇ ಅವಳ ದೊಡ್ಡತನ ಎಂದು ನನ್ನ ಭಾವನೆ.

ನಾವು ಸಾಮಾನ್ಯವಾಗಿ ಋಣವನ್ನು ತಲೆಕೆಳಗಾಗಿ ಲೆಕ್ಕ ಹಾಕುತ್ತೇವೆ. ಉಂಡವರು ಋಣಿಗಳು, ಇಕ್ಕಿದವರಿಗೆ ಪುಣ್ಯ ಎನ್ನುತ್ತೇವೆ. ‘ಒಂದು ವಾರ ಇಟ್ಕೊಂಡು ಎಲ್ಲಾ ತೋರಿಸ್ದೆ, ಒಂದು ಫೋನಾದ್ರೂ ಮಾಡಿದ್ರಾ?’ ಎಂಬ ಮಾತು ಯಾವ ಮನೆಯಲ್ಲಿ ಕೇಳಿಬರುವುದಿಲ್ಲ ಹೇಳಿ? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ವಿಕ ದಾನದ ಲಕ್ಷಣ ಬರುತ್ತದೆ. ಹಿಂತಿರುಗಿಸಲಾರದವನಿಗೆ ಕೊಟ್ಟದ್ದೇ ದಾನ ಎಂಬುದು ಅದರ ಒಂದು ಭಾಗ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯೋಚಿಸುತ್ತೇನೆ. ಮಕ್ಕಳ ವಿಷಯದಲ್ಲಿ ಕೊಟ್ಟವರೇ ಸಾಲಗಾರರು. ಮಗು ಕೇಳಿರಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದವರು ನಾವು. ಬೀಜ ಬಿತ್ತಿದವರು ನೀರಿನ ಚಿಂತೆಯನ್ನೂ ಮಾಡಬೇಕಲ್ಲವೇ?

ಕುಚೇಲನ ಕಥೆಯನ್ನು ನಾವು ಅವಲಕ್ಕಿಗಾಗಿ ನೆನೆಯುತ್ತೇವೆ. ನನಗೆ ಅದರ ಕೊನೆ ಹೆಚ್ಚು ಇಷ್ಟ. ಕೃಷ್ಣ ಗೆಳೆಯನನ್ನು ತನ್ನ ಮಂಚದ ಮೇಲೆ ಕೂರಿಸಿ ಕಾಲು ತೊಳೆದು ಉಪಚರಿಸಿದ, ನಿಜ. ಅಷ್ಟಕ್ಕೇ ನಿಲ್ಲಿಸಿದ್ದರೆ ಕುಚೇಲ ದ್ವಾರಕೆಯ ವೈಭವವನ್ನು ಕಣ್ಣಲ್ಲಿ ತುಂಬಿಕೊಂಡು ಮುರುಕು ಗುಡಿಸಲಿಗೆ ಹೋಗಿ ಮಲಗಬೇಕಿತ್ತು. ಕೃಷ್ಣನ ಮನಸ್ಸು ನೆಂಟ ಹಿಂದಿರುಗುವ ಮನೆಯ ಮೇಲಿತ್ತು. ನಾವು ದೇವರಲ್ಲ, ಗುಡಿಸಲನ್ನು ಅರಮನೆ ಮಾಡಲಾರೆವು. ಆದರೆ ನೆಂಟರು ನಮ್ಮ ಮನೆಯಲ್ಲಿ ಹೇಗಿದ್ದರು ಎಂಬುದರ ಜೊತೆಗೆ, ಅವರು ವಾಪಸು ಹೋಗುವ ಮನೆ ಹೇಗಿದೆ ಎಂದು ಯೋಚಿಸಬಲ್ಲೆವು. ತಂಗಿ ಫೋನಿನಲ್ಲಿ ನನಗೆ ಹೇಳಿದ್ದು ಇದನ್ನೇ.

ಮಕ್ಕಳನ್ನು ಕರೆದೊಯ್ಯಲು ಅವಳೇ ಬಂದಳು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲವಾಗಿ, ಅವಳು ಆಧಾರ್ ಕಾರ್ಡು ಬ್ಲೌಸಿನೊಳಗಿಟ್ಟುಕೊಂಡು ತಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಒಬ್ಬಳೇ ಬರುವುದನ್ನು ಕಲಿತಿದ್ದಾಳೆ. ತಲಕಾಡಿನಿಂದ ಇಲ್ಲಿಗೆ ಸುಮಾರು 50 ಕಿಲೋಮೀಟರು. ಮೊದಲು ಅಷ್ಟು ದೂರ ಬರಲು ಗಂಡನನ್ನು ಕೇಳಬೇಕು, ಮಗನನ್ನು ಕೇಳಬೇಕು, ದುಡ್ಡು ಕೇಳಬೇಕು. ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳಿಗೆ ಚಿಣ್ಣರ ಮೇಳದ ಮಾತು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ತೋರಿಸಿದ್ದಾಯ್ತಲ್ಲ. ತೋರಿಸಿ ಕೈ ತೊಳ್ಕೋಬೇಡ, ಅಷ್ಟೇ’ ಎಂದಳು.

‘ಮುಂದಿನ ರಜೆಗೆ ಒಂದು ತಿಂಗಳು ಇಲ್ಲೇ ಇರಲಿ, ಮೇಳಕ್ಕೆ ಸೇರಿಸೋಣ. ಹತ್ತನೇ ಕ್ಲಾಸು ಮುಗಿದ ಮೇಲೆ ಓದಕ್ಕೆ ಬರೋದಾದ್ರೆ ಮಹಡಿ ಮೇಲಿನ ಕೋಣೆ ಖಾಲಿ ಇದೆ’ ಎಂದೆ. ಇದನ್ನು ಮಗುವಿನ ಮುಂದೆ ಹೇಳಲಿಲ್ಲ. ಮೂರು ವರ್ಷದ ಆಚೆಯ ಮಾತನ್ನು ಮಗುವಿಗೆ ಕೊಟ್ಟರೆ ಅದು ಇನ್ನೊಂದು ಆಸೆಯಾಗುತ್ತದೆ; ಹಿರಿಯರಿಗೆ ಕೊಟ್ಟರೆ ಅದು ಹೊಣೆಯಾಗುತ್ತದೆ. ತಂಗಿ ನನ್ನ ಮುಖ ನೋಡಿದಳು. ‘ಚಿಕ್ಕವಳಿಗೆ?’ ಎಂದಳು.

ಒಂದೇ ಪದ. ಆದರೆ ಅದರೊಳಗೆ ದೊಡ್ಡಮ್ಮನ ನಡುಮನೆ ಇತ್ತು, ಒಂದು ಹಾಸಿಗೆ ಇತ್ತು, 1988ರ ಮದುವೆ ಇತ್ತು. ನನ್ನ ನಿವೃತ್ತಿ ಹತ್ತಿರ ಬರುತ್ತಿದೆ. ಚಿಕ್ಕವಳು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ನನ್ನ ಮಂಡಿ, ನನ್ನ ಕಣ್ಣು, ನನ್ನ ಪಿಂಚಣಿ ಹೇಗಿರುತ್ತವೆಯೋ. ಆಗುತ್ತದೆ ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ‘ನನ್ನ ಕೈಲಿ ಆಗೋವರೆಗೂ ಇಬ್ಬರಲ್ಲಿ ಭೇದ ಮಾಡಲ್ಲ’ ಎಂದೆ. ಅವಳು ತಲೆಯಾಡಿಸಿದಳು. ಇಷ್ಟು ವರ್ಷದಲ್ಲಿ ಒಂದಿಷ್ಟು ಬದಲಾಗಿದೆ ಎಂಬುದು ನನಗಿರುವ ಧೈರ್ಯ. ತಿ. ನರಸೀಪುರದಲ್ಲೇ ಕಾಲೇಜಿದೆ, ಹುಡುಗಿಯರು ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಿಬರುತ್ತಾರೆ. ಯಾರದೋ ನಡುಮನೆಯ ಅಳತೆಯ ಮೇಲೆ ಒಂದು ಹೆಣ್ಣಿನ ಓದು ನಿಲ್ಲುವ ಕಾಲ ಪೂರ್ತಿ ಹೋಗಿಲ್ಲ, ಆದರೆ ಹೋಗುತ್ತಿದೆ. ನಮ್ಮಂಥವರು ಒಬ್ಬೊಬ್ಬರೇ ತೀರಿಸಲಾಗದ ಸಾಲವನ್ನು ಊರು, ಸರ್ಕಾರ ಸ್ವಲ್ಪವಾದರೂ ಹೊತ್ತುಕೊಂಡಾಗ ದೊಡ್ಡಮ್ಮಂದಿರ ಕೊರಗು ಕಡಿಮೆಯಾಗುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ಲೆಕ್ಕ ಒಂದು ಕಡೆಗೇ ವಾಲುತ್ತದೆ. ಆ ವಾರ ಬೆಂಗಳೂರಿನಿಂದ ನನ್ನ ಮಗಳ ಮಗನೂ ಬಂದಿದ್ದ. ಏಳು ವರ್ಷ. ಮಾಲ್, ಮೃಗಾಲಯ ಯಾವುದಕ್ಕೂ ಅವನಿಗೆ ‘ಬೋರು’. ಆದರೆ ರಾತ್ರಿ ಚಾಪೆಯ ಮೇಲೆ ನಡುವಿನವನು ತಲಕಾಡಿನ ವರ್ಣನೆ ಶುರುಮಾಡಿದರೆ ಇವನ ಕಣ್ಣು ಅಗಲವಾಗುತ್ತಿತ್ತು. ಮರಳ ದಿಣ್ಣೆಯಿಂದ ಉರುಳಿ ಬೀಳುವುದು, ಮರಳು ತೋಡಿದರೆ ಕೆಳಗೆ ಗುಡಿ ಸಿಗಬಹುದು ಎಂಬ ಗುಟ್ಟು, ನೀಲಗಿರಿ ತೋಪಿನ ಗಾಳಿಯ ಸದ್ದು, ಹರಿಗೋಲು. ವಾರದ ಕೊನೆಗೆ, ‘ನನಗೂ ಹೊಳೆ ಬೇಕು’ ಎಂದು ಅಳುತ್ತ ಕುಳಿತ. ಅವನ ಅಪ್ಪ ಅಮ್ಮ ದುಡಿಯುವ ದುಡ್ಡಿಗೆ ಏನು ಬೇಕಾದರೂ ಬರುತ್ತದೆ, ಹೊಳೆ ಬರುವುದಿಲ್ಲ. ತೀರಿಸಲಾಗದ ಆಸೆ ಬಡವರ ಮನೆಗೆ ಮಾತ್ರ ಎಂದು ಯಾರು ಹೇಳಿದರು?

ತಂಗಿ ಅವನನ್ನೂ ಜೊತೆಗೆ ಕರೆದುಕೊಂಡು ಹೋದಳು. ನಾಲ್ಕು ದಿನ ಇಟ್ಟುಕೊಂಡಳು. ತಲಕಾಡಿನ ಹೊಳೆಯಲ್ಲಿ ಸುಳಿಗಳಿವೆ, ಮೋಜಿಗೆಂದು ಬಂದ ಎಷ್ಟೋ ಹುಡುಗರು ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಬಂದವರು ನೀರಿನ ಆಳ ಊರಿನವರನ್ನು ಕೇಳುವುದಿಲ್ಲ. ಕಾಸು ಕೊಟ್ಟೆವು, ಹೊಳೆ ನಮ್ಮದು ಎಂದುಕೊಳ್ಳುತ್ತಾರೆ. ತಂಗಿ ಮಗನನ್ನು ಕಾವಲಿಗೆ ನಿಲ್ಲಿಸಿ, ಮೊಣಕಾಲು ಮುಳುಗದಷ್ಟು ನೀರಿನಲ್ಲಿ ಮಾತ್ರ ನಾಲ್ವರನ್ನೂ ಬಿಟ್ಟಳು. ಸಂಜೆ ದಡದಲ್ಲಿ ಯಾರೋ ಬಿಸಾಡಿದ್ದ ಪ್ಲಾಸ್ಟಿಕ್ಕನ್ನು ನಾಲ್ವರ ಕೈಯಲ್ಲೂ ಆರಿಸಿದಳಂತೆ. ‘ಹೊಳೇಲಿ ಆಡಿದ್ರಲ್ಲ, ಕೊಡಬೇಕಲ್ಲ ಏನಾದ್ರೂ’ ಎಂದಳಂತೆ. ನನ್ನ ಮೊಮ್ಮಗ ಬೆಂಗಳೂರಿಗೆ ಹೋದ ಮೇಲೂ ಈ ಮಾತನ್ನು ಹೇಳುತ್ತಿದ್ದನೆಂದು ಮಗಳು ಹೇಳಿದಳು. ಬಿ.ಎ., ಬಿ.ಇಡಿ. ಮಾಡಿದ ನಾನು ಎರಡು ಪಟ್ಟಿ ಮಾಡಿಕೊಂಡು ತಿಣುಕಾಡಿದ್ದನ್ನು ಅವಳು ಒಂದು ಸಂಜೆಯಲ್ಲಿ ಪಾಠ ಮಾಡಿ ಮುಗಿಸಿದ್ದಳು. ಈಗ ಆ ಹುಡುಗನ ಹೊಳೆಯ ಆಸೆಗೆ ಸಾಲಗಾರಳು ಅವಳು. ಪ್ರತಿ ರಜೆಗೂ ಕರೆಸಿಕೊಳ್ಳಬೇಕಾಗುತ್ತದೆ ಎಂದು ನಾನು ಹೇಳಿದರೆ, ‘ಕರೆಸ್ಕೊಳ್ಳೋಣ ಬಿಡು’ ಎಂದಳು.

ಮತ್ತೆ ಏಪ್ರಿಲ್ ಬರುತ್ತದೆ. ನಿಮ್ಮ ಮನೆಗೂ ಮಕ್ಕಳು ಬರುತ್ತಾರೆ. ಕರೆಸಿಕೊಳ್ಳಿ, ತಿರುಗಾಡಿಸಿ, ದೋಸೆ ಹುಯ್ದು ಹಾಕಿ, ಐಸ್‌ಕ್ರೀಮನ್ನೂ ಕೊಡಿಸಿ. ಕಾಣಬಾರದೆಂದು ಯಾವ ಬಾಗಿಲನ್ನೂ ಮುಚ್ಚಬೇಡಿ. ಆದರೆ ಅವರು ಬಸ್ಸು ಹತ್ತಿ ಹೋದ ಮೇಲೆ ಚಾಪೆಗಳನ್ನು ಅಟ್ಟಕ್ಕೆ ಏರಿಸುವ ಮುನ್ನ ಸ್ವಲ್ಪ ಹೊತ್ತು ಕುಳಿತು ನೆನಪು ಮಾಡಿಕೊಳ್ಳಿ: ಯಾವ ಮಗು ಎಲ್ಲಿ ನಿಂತುಬಿಟ್ಟಿತು, ಯಾವುದರ ಮುಂದೆ ಮಾತು ನಿಲ್ಲಿಸಿತು. ಅದನ್ನು ಬರೆದಿಟ್ಟುಕೊಳ್ಳಿ. ಐದು ವರ್ಷವೋ ಎಂಟು ವರ್ಷವೋ ಕಳೆದ ಮೇಲೆ, ಆ ಮಗುವಿನ ಮನೆಯಲ್ಲಿ ಅದರ ಮುಂದಿನ ದಾರಿಯ ಮಾತು ನಡೆಯುವಾಗ, ನೀವೂ ಅಲ್ಲಿ ಹೋಗಿ ಕುಳಿತು ಒಂದು ಮಾತು ಹೇಳಬೇಕಾಗುತ್ತದೆ. ನನ್ನ ಡೈರಿಯಲ್ಲಿ ಈಗ ಮೂರು ಸಾಲುಗಳಿವೆ. ದೊಡ್ಡವಳದು ರಂಗಾಯಣ, ನಡುವಿನವನದು ಕಾರಂಜಿಯ ನೀರು. ಚಿಕ್ಕವಳ ಎದುರಿಗೆ ಸದ್ಯಕ್ಕೆ ಚಲಿಸುವ ಮೆಟ್ಟಿಲು ಎಂದಷ್ಟೇ ಬರೆದಿದ್ದೇನೆ. ಮುಂದಿನ ರಜೆಗೆ ಬಂದಾಗ ಇನ್ನಷ್ಟು ಗಮನಿಸಬೇಕು.